ದಾವಣಗೆರೆಯಿಂದ ಬರೋ ಅಪ್ಪನ್ನ ಲೀಡ್ಸ್‌ನಲ್ಲಿ ಯಾವ ಪಬ್ಬಿಗೆ ಕರ್ಕೊಂಡು ಹೋಗ್ಲಿ?

ಪ್ರಶ್ನೆ: ನಾನು ಲೀಡ್ಸ್‌ನಲ್ಲಿ ಕೆಲಸದಲ್ಲಿದೀನಿ. ಅಪ್ಪ ಅಮ್ಮ ದಾವಣಗೆರೆಯಿಂದ ಬರ್ತಿದಾರೆ. ಒಂದ್ಸಲ ಹಳೇ ಕಾಲದ ಇಂಗ್ಲಿಷ್ ಪಬ್ಬಲ್ಲಿ ಕೂತು ರಿಯಲ್ ಏಲ್ ಕುಡೀಬೇಕು ಅಂತ ಅಪ್ಪಂಗೆ ಆಸೆ. ಊರಲ್ಲಿ ಅವರು ಕುಡಿಯೋದು ಫ್ರಿಜ್ಜಿಂದ ತೆಗೆದ ಬಾಟ್ಲಿ ಬಿಯರ್ ಮಾತ್ರ. ಇಬ್ರೂ ಸಸ್ಯಾಹಾರಿಗಳು, ಅಮ್ಮ ಕುಡಿಯಲ್ಲ. ನಾನೂ ಅಂಥ ಪಬ್ಬಿಗೆ ಹೋದವಳಲ್ಲ. ಆ ಬಿಯರ್ ಬೆಚ್ಚಗಿರುತ್ತೆ, ಸಪ್ಪೆ ಇರುತ್ತೆ ಅಂತಾರೆ, ನಿಜಾನಾ? ಯಾವ ಪಬ್ಬಿಗೆ ಹೋಗೋದು, ಏನು ಕೇಳೋದು, ಅಲ್ಲಿರೋರು ನಮ್ಮನ್ನ ಒಂಥರಾ ನೋಡ್ತಾರಾ?

ಉತ್ತರ: ಮೇಡಂ, ಮೊದಲು ಪಬ್ ಆರಿಸೋ ವಿಷಯ, ಯಾಕಂದ್ರೆ ಎಲ್ರೂ ಎಡವೋದು ಅಲ್ಲೇ. ಗೂಗಲ್‌ನಲ್ಲಿ ಫೋಟೋ ನೋಡಿ, ಹಳೇ ಮರದ ತೊಲೆ ಇದೆ, ಹೊರಗೆ ಹೂವಿನ ಬುಟ್ಟಿ ತೂಗಾಕಿದಾರೆ, ಇದೇ ಸರಿ ಅಂತ ಹೋಗ್ತಾರೆ. ಕಟ್ಟಡ ಮುನ್ನೂರು ವರ್ಷ ಹಳೇದಿರ್ಬಹುದು, ಪೀಪಾಯಿ ತೆರೆದು ಒಂದು ವಾರ ಆಗಿದ್ರೆ ನಿಮ್ಮಪ್ಪಂಗೆ ಸಿಗೋದು ಹುಳಿ ನೀರು. ಅದನ್ನ ಕುಡಿದು "ಇಷ್ಟೇನಾ ಇವರ ಬಿಯರ್ರು" ಅಂತ ಊರಿಗೆ ಹೋಗಿ ಹೇಳ್ತಾರೆ. ಬಿಯರ್ ಚೆನ್ನಾಗಿ ಖರ್ಚಾಗೋ ಪಬ್ ಹುಡುಕಿ, ಮಿಕ್ಕಿದ್ದೆಲ್ಲ ಆಮೇಲೆ. ನಾನು ಯಾರ್ಕ್‌ಷೈರ್‌ನಲ್ಲಿ ಪಬ್‌ಗಳ ನೆಲಮಾಳಿಗೆ ನೋಡ್ಕೊಳ್ಳೋ ಕೆಲಸ ಮಾಡ್ತಾ ಬಂದವನು, ಹಾಗಾಗಿ ಬಾರಿನ ಮೇಲಿಂದಲ್ಲ, ಕೆಳಗಿಂದ ಹೇಳ್ತೀನಿ.

ಕೆಗ್ ಬಿಯರ್, ಅಂದ್ರೆ ಬೆಂಗಳೂರಲ್ಲಾಗ್ಲಿ ಇಲ್ಲಾಗ್ಲಿ ಸಾಮಾನ್ಯವಾಗಿ ನಲ್ಲಿಯಿಂದ ಬರೋ ಲಾಗರ್, ಬ್ರೂವರಿಯಲ್ಲೇ ಪೂರ್ತಿ ತಯಾರಾಗಿ ಬರುತ್ತೆ. ಸೋಸಿರ್ತಾರೆ, ಬಹಳಷ್ಟು ಸಲ ಕಾಯಿಸಿ ಯೀಸ್ಟ್ ಸಾಯಿಸಿರ್ತಾರೆ, ಗ್ಯಾಸ್ ಒತ್ತಡದಲ್ಲಿ ಮೇಲೆ ತಳ್ತಾರೆ. ರಿಯಲ್ ಏಲ್ ಅಥವಾ ಕ್ಯಾಸ್ಕ್ ಏಲ್ ಹಾಗಲ್ಲ. ಯೀಸ್ಟ್ ಜೀವಂತ ಇರೋ ಹಾಗೇ ಪೀಪಾಯಿಗೆ ತುಂಬಿ ಕಳಿಸ್ತಾರೆ, ಪೀಪಾಯಿ ಒಳಗೇ ಎರಡನೇ ಸಲ ಹುದುಗುತ್ತೆ. ಅದರ ಗುಳ್ಳೆ ಆ ಹುದುಗಿನದ್ದೇ, ಹೊರಗಿನ ಗ್ಯಾಸ್ ಇಲ್ಲ. ನೆಲಮಾಳಿಗೆಗೆ ಬಂದ ಮೇಲೆ ಪೀಪಾಯಿನ ಅಡ್ಡ ಮಲಗಿಸಿ ಅಲುಗಾಡದ ಹಾಗೆ ಬಿಡ್ತೀವಿ. ಮೇಲಿನ ತೂತಿಗೆ ಮೊದಲು ಮೆತ್ತನೆ ಮರದ ಗೂಟ ಹೊಡೀತೀವಿ, ಅದರ ಮೂಲಕ ಜಾಸ್ತಿ ಇರೋ ಗ್ಯಾಸ್ ಹೊರಗೆ ಹೋಗುತ್ತೆ, ಆರ್ಭಟ ನಿಂತ ಮೇಲೆ ಗಟ್ಟಿ ಗೂಟ ಹಾಕಿ ಉಳಿದ ಗ್ಯಾಸ್ ಒಳಗೇ ಹಿಡಿದಿಡ್ತೀವಿ. ಗಸಿ ಕೆಳಗೆ ಕೂತು ಬಿಯರ್ ತಿಳಿಯಾಗೋಕೆ ಒಂದೆರಡು ದಿನ. ಆಮೇಲೆ ಮೇಲಿಂದ ಕೈಪಂಪು ಎಳೆದಾಗ ಕೆಳಗೆ ಪೀಪಾಯಿಲಿ ಬಿಯರ್ ಕಮ್ಮಿಯಾದಷ್ಟೂ ಗಾಳಿ ಒಳಗೆ ಬರುತ್ತೆ, ಅಲ್ಲಿಂದ ಗಡಿಯಾರ ಓಡೋಕೆ ಶುರು. ಮೊಸರು ಇದ್ದಂಗೆ ಅಂದ್ಕೊಳ್ಳಿ, ಒಂದು ಹದದ ಹೊತ್ತು ಇರುತ್ತೆ, ಅದಾದ್ಮೇಲೆ ಯಾರು ಏನು ಮಾಡಿದ್ರೂ ಹುಳಿನೇ. ಏಲ್‌ಗೆ ಆ ಹೊತ್ತು ಹೆಚ್ಚೂಕಮ್ಮಿ 3 ದಿನ.

ಈಗ ಲೆಕ್ಕ ನೋಡಿ. ಸಾಮಾನ್ಯ ಪೀಪಾಯಿಗೆ ಫರ್ಕಿನ್ ಅಂತಾರೆ, 9 ಗ್ಯಾಲನ್, ಅಂದ್ರೆ 72 ಪಿಂಟು. 3 ದಿನದಲ್ಲಿ ಖಾಲಿಯಾಗ್ಬೇಕು ಅಂದ್ರೆ ಒಂದೊಂದು ಪಂಪಿಂದ ದಿನಕ್ಕೆ 24 ಪಿಂಟು ಹೋಗ್ಬೇಕು. ಹತ್ತು ಕೈಪಂಪು ಸಾಲಾಗಿ ನಿಲ್ಲಿಸ್ಕೊಂಡಿರೋ ಪಬ್ಬಲ್ಲಿ ಬುಧವಾರ ಮಧ್ಯಾಹ್ನ ಇಬ್ರು ಮುದುಕರು ಒಂದು ನಾಯಿ ಮಾತ್ರ ಕೂತಿದ್ರೆ ಆ ಹತ್ತರಲ್ಲಿ ಎಷ್ಟು ತಾಜಾ ಇರ್ಬಹುದು ಅಂತ ನೀವೇ ಹೇಳಿ. ಅದಕ್ಕಿಂತ ಮೂರೇ ಪಂಪು ಇದ್ದು ಜನ ತುಂಬಿರೋ ಪಬ್ ನೂರು ಪಾಲು ಮೇಲು. ಇದೇ ಕಾರಣಕ್ಕೆ ಸೋಮವಾರ ಹೋಗ್ಬೇಡಿ ಅಂತೀನಿ, ವಾರಾಂತ್ಯದಲ್ಲಿ ಉಳಿದಿದ್ದು ಸೋಮವಾರ ಮಂಗಳವಾರ ಎಳೆಯೋದು ಬಹಳ ಕಡೆ ನಡೆಯುತ್ತೆ. ಗುರುವಾರ ಸಂಜೆ, ಶುಕ್ರವಾರ ಐದು ಗಂಟೆಗೆ ಮುಂಚೆ, ಅಥವಾ ಶನಿವಾರ ಮಧ್ಯಾಹ್ನ ಒಳ್ಳೇ ಹೊತ್ತು.

ಬೆಚ್ಚಗಿರುತ್ತೆ ಅನ್ನೋದು ಸುಳ್ಳು. ನೆಲಮಾಳಿಗೆ 11 ರಿಂದ 13 ಡಿಗ್ರಿಯಲ್ಲಿ ಇಟ್ಕೊಳ್ತೀವಿ, ಬಿಯರ್ ಅದೇ ತಂಪಲ್ಲಿ ಗ್ಲಾಸಿಗೆ ಬರುತ್ತೆ. ಫ್ರಿಜ್ ಬಿಯರ್ ಕುಡಿದು ರೂಢಿ ಇರೋರಿಗೆ ಮೊದಲ ಗುಟುಕಲ್ಲಿ ಬೆಚ್ಚಗೆ ಅನ್ನಿಸೋದು ಸಹಜ, ಆದ್ರೆ ಐಸ್ ತಂಪಲ್ಲಿ ನಾಲಿಗೆಗೆ ರುಚಿನೇ ಗೊತ್ತಾಗಲ್ಲ, ಈ ತಂಪಲ್ಲಿ ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿ) ಬೇರೆ, ಹಾಪ್ಸ್ (ಬಿಯರಿಗೆ ಕಹಿ ಕೊಡೋ ಹೂವು) ಬೇರೆ ಅಂತ ಗೊತ್ತಾಗುತ್ತೆ. ಅಪ್ಪಂಗೆ ಮೊದಲೇ ಹೇಳಿಡಿ, ಇದು ಗಂಟಲು ತಣಿಸೋ ಬಿಯರ್ ಅಲ್ಲ, ನಿಧಾನಕ್ಕೆ ಮಾತಾಡ್ತಾ ಕುಡಿಯೋದು. ಸಪ್ಪೆ ಅನ್ನೋದೂ ಅರ್ಧ ಸುಳ್ಳು. ಗುಳ್ಳೆ ಕಮ್ಮಿ ಇರುತ್ತೆ, ನಿಜ, ಆದ್ರೆ ನಾಲಿಗೆ ಮೇಲೆ ಸಣ್ಣ ಚುರುಕು ಇರ್ಲೇಬೇಕು, ಏನೂ ಇಲ್ದೆ ನೀರ್ನೀರು ಅನ್ನಿಸಿದ್ರೆ ಅದು ಪಬ್‌ನ ತಪ್ಪು. ನೀವಿರೋದು ಯಾರ್ಕ್‌ಷೈರು, ಇಲ್ಲಿ ಪಂಪಿನ ಮೂತಿಗೆ ಸ್ಪಾರ್ಕ್ಲರ್ ಅಂತ ಸಣ್ಣ ತೂತುಗಳಿರೋ ಬಿರಡೆ ಹಾಕ್ತಾರೆ, ಅದರಿಂದ ಬಿಯರ್ ನುಗ್ಗಿ ಬಂದು ಮೇಲೆ ಕೆನೆ ಥರ ದಪ್ಪ ನೊರೆ ನಿಲ್ಲುತ್ತೆ. ಲಂಡನ್ ಕಡೆ ಹಾಕಲ್ಲ, ಅಲ್ಲಿ ಗ್ಲಾಸು ಬಾಯಿತನಕ ಬಿಯರ್ ಇರ್ಬೇಕು ನೊರೆ ಯಾಕೆ ಅಂತಾರೆ. ಈ ಎರಡು ಗುಂಪಿನ ಜಗಳ ಮುಗಿಯೋದಲ್ಲ. ನಿಮ್ಮಪ್ಪಂಗೆ ಇಲ್ಲಿನದ್ದೇ ಹಿಡಿಸುತ್ತೆ ಅಂತ ನನ್ನ ಅಂದಾಜು.

ಈ ಬಿಯರ್ ಉಳಿದಿದ್ದೇ ಒಂದು ಕಥೆ. 60ರ ದಶಕದಲ್ಲಿ ದೊಡ್ಡ ಬ್ರೂವರಿಗಳೆಲ್ಲ ಕೆಗ್ ಕಡೆ ತಿರುಗಿದ್ವು, ಕಾರಣ ಸುಲಭ, ಕೆಗ್ ಕೆಡಲ್ಲ, ನೆಲಮಾಳಿಗೆಲಿ ನನ್ನಂಥೋರು ಬೇಕಾಗಲ್ಲ. 1971ರಲ್ಲಿ ಇಂಗ್ಲೆಂಡಿನ ವಾಯುವ್ಯ ಕಡೆಯ ನಾಲ್ಕು ಜನ ಗೆಳೆಯರು ಐರ್ಲೆಂಡಿಗೆ ರಜೆಗೆ ಹೋದಾಗ ಅಲ್ಲೊಂದು ಬಾರಲ್ಲಿ ಕೂತು ಇದರ ವಿರುದ್ಧ ಸಂಘ ಕಟ್ಟಿದ್ರು, ಅದೇ ಕ್ಯಾಮ್ರಾ (CAMRA), ರಿಯಲ್ ಏಲ್ ಉಳಿಸೋ ಸಂಘ. ಆ ಸಂಘದ ಒತ್ತಾಯ ಇಲ್ದಿದ್ರೆ ಕೈಪಂಪು ಇವತ್ತು ಮ್ಯೂಸಿಯಂನಲ್ಲಿ ಇರ್ತಿತ್ತೋ ಏನೋ. ಅವರ ಸ್ಥಳೀಯ ಸದಸ್ಯರೇ ಪಬ್‌ಗಳಿಗೆ ಹೋಗಿ ಕುಡಿದು ಅಂಕ ಕೊಡ್ತಾರೆ, ಹಾಗಾಗಿ ಕ್ಯಾಮ್ರಾ ಪಟ್ಟಿಯಲ್ಲಿರೋ ಪಬ್ ಅಂದ್ರೆ ನಂಬಬಹುದು. ಇನ್ನೊಂದು ಗುರುತು ಬಾಗಿಲ ಹತ್ರ ಕ್ಯಾಸ್ಕ್ ಮಾರ್ಕ್ ಅನ್ನೋ ದುಂಡನೆ ಫಲಕ, ಪರೀಕ್ಷಕರು ಬಂದು ಬಿಯರಿನ ತಂಪು, ತಿಳಿ, ವಾಸನೆ, ರುಚಿ ನೋಡಿ ಕೊಟ್ಟಿರೋದು.

ಲೀಡ್ಸ್‌ನಲ್ಲೇ ಒಂದು ಅಂದ್ರೆ ನಾನು ಕಣ್ಮುಚ್ಚಿ ವೈಟ್‌ಲಾಕ್ಸ್ ಅಂತೀನಿ. ಬ್ರಿಗೇಟ್ ರಸ್ತೆ ಪಕ್ಕದ ಓಣಿಯಲ್ಲಿದೆ, ನೀವು ಬಟ್ಟೆ ತಗೊಳ್ಳೋಕೆ ಹೋದಾಗ ಅದರ ಮುಂದೆನೇ ಎಷ್ಟೋ ಸಲ ಹಾದು ಹೋಗಿರ್ತೀರಿ, ಓಣಿ ಬಾಯಿ ಕಣ್ಣಿಗೆ ಬೀಳಲ್ಲ. 1715ರಲ್ಲಿ ಟರ್ಕ್ಸ್ ಹೆಡ್ ಅನ್ನೋ ಹೆಸರಲ್ಲಿ ಶುರುವಾಗಿದ್ದು, ಆಮೇಲೆ ವೈಟ್‌ಲಾಕ್ ಮನೆತನದ ಕೈಗೆ ಬಂತು. ಒಳಗೆ ರೈಲು ಬೋಗಿ ಅಗಲ ಅಷ್ಟೇ, ಉದ್ದಕ್ಕೆ ಟೈಲ್ಸ್ ಹಾಕಿದ ಬಾರು, ಹಿತ್ತಾಳೆ, ಹಳೇ ಕನ್ನಡಿಗಳು. ಊರ ಮಧ್ಯ ಇರೋದ್ರಿಂದ ಬಿಯರ್ ನಿಲ್ಲೋ ಮಾತೇ ಇಲ್ಲ. ಸೀಟು ಸಿಗ್ಬೇಕಾದ್ರೆ ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ.

ಅಪ್ಪಂಗೆ ರೈಲು ಇಷ್ಟ ಆಗೋದಾದ್ರೆ ಇನ್ನೊಂದು ಉಪಾಯ. ಲೀಡ್ಸ್‌ನಿಂದ ಮ್ಯಾಂಚೆಸ್ಟರ್ ಕಡೆ ಹೋಗೋ ಲೈನಲ್ಲಿ ಸ್ಟೇಷನ್ ಕಟ್ಟಡದಲ್ಲೇ ಪಬ್‌ಗಳಿವೆ, ಡ್ಯೂಸ್‌ಬರಿಯಲ್ಲಿ ವೆಸ್ಟ್ ರೈಡಿಂಗ್, ಆ ಕಡೆ ಸ್ಟೇಲಿಬ್ರಿಜ್‌ನಲ್ಲಿ 1885ರ ಬಫೆ ಬಾರು, ಪ್ಲಾಟ್‌ಫಾರಂ ಮೇಲೇ ಕೂತು ರೈಲು ನೋಡ್ತಾ ಕುಡೀಬಹುದು. ಆದ್ರೆ ಶನಿವಾರ ಮಾತ್ರ ಬೇಡವೇ ಬೇಡ, ಮದುವೆಗೆ ಮುಂಚಿನ ಪಾರ್ಟಿ ಅಂತ ವೇಷ ಹಾಕ್ಕೊಂಡು ಬರೋ ಗಂಡುಹುಡುಗರ ಗುಂಪುಗಳು ಆ ಲೈನ್ ಪೂರ್ತಿ ತುಂಬ್ಕೊಂಡಿರ್ತವೆ, ಅಮ್ಮ ಜೊತೆ ಅದು ಸರಿಹೋಗಲ್ಲ. ಟ್ಯಾಡ್‌ಕ್ಯಾಸ್ಟರ್‌ನ ಸ್ಯಾಮ್ಯುಯೆಲ್ ಸ್ಮಿತ್ ಬ್ರೂವರಿಯ ಪಬ್‌ಗಳೂ ನೋಡೋಕೆ ಚೆನ್ನಾಗಿವೆ, ಆದ್ರೆ ಅಲ್ಲಿ ಮೊಬೈಲ್ ಬಳಸೋ ಹಾಗಿಲ್ಲ, ಹಾಡು ಇಲ್ಲ, ಟೀವಿ ಇಲ್ಲ. ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕ್ಬೇಕು ಅಂದ್ಕೊಂಡಿದ್ರೆ ನಿರಾಸೆ ಆಗುತ್ತೆ.

ಒಳಗೆ ಹೋದ್ಮೇಲೆ ಏನು ಮಾಡೋದು. ಕೂತ್ಕೊಂಡು ವೇಟರ್ ಬರ್ಲಿ ಅಂತ ಕಾದ್ರೆ ಕತ್ತಲಾಗುತ್ತೆ, ಯಾರೂ ಬರಲ್ಲ. ಅಪ್ಪ ಅಮ್ಮನ್ನ ಟೇಬಲ್‌ಗೆ ಕೂರಿಸಿ ನೀವೊಬ್ರು ಬಾರಿಗೆ ಹೋಗಿ, ಅಥವಾ ಅಪ್ಪನ್ನೂ ಕರ್ಕೊಂಡು ಹೋಗಿ, ಪಂಪು ಎಳೆಯೋದನ್ನ ಎದುರು ನಿಂತು ನೋಡೋದೇ ಒಂದು ಮಜಾ. ಬಾರ್ ಉದ್ದಕ್ಕೆ ಹರಡ್ಕೊಂಡು ನಿಲ್ತಾರೆ, ಕ್ಯೂ ಇಲ್ಲ ಅನ್ನಿಸುತ್ತೆ, ಆದ್ರೆ ಯಾರು ಮೊದಲು ಬಂದ್ರು ಅಂತ ಎಲ್ಲರ ತಲೇಲೂ ಲೆಕ್ಕ ಇರುತ್ತೆ. ನಿಮಗಿಂತ ಮುಂಚೆ ಬಂದೋರನ್ನ ಬಿಟ್ಟು ನಿಮ್ಮನ್ನ ಕೇಳಿದ್ರೆ ಅವರ ಕಡೆ ಕೈ ತೋರಿಸಿ, ಅಷ್ಟು ಮಾಡಿದ್ರೆ ಸಾಕು ಅಲ್ಲಿರೋರಿಗೆಲ್ಲ ನೀವು ಮೆಚ್ಚುಗೆ. ನೋಟು ಅಲ್ಲಾಡಿಸೋದು, ಚಿಟಿಕೆ ಹೊಡೆಯೋದು, ಹಲೋ ಹಲೋ ಅಂತ ಕೂಗೋದು ಬೇಡ. ಕೊರೋನಾ ಆದ್ಮೇಲೆ ಒಬ್ರ ಹಿಂದೆ ಒಬ್ರು ಸಾಲು ನಿಲ್ಲೋ ಅಭ್ಯಾಸ ಕೆಲವು ಕಡೆ ಬಂದಿದೆ, ಹಳಬರಿಗೆ ಅದು ಕಂಡ್ರೆ ಮೈ ಉರಿಯುತ್ತೆ. ಕೊಟ್ಟ ತಕ್ಷಣ ದುಡ್ಡು ಕೊಡೋದು, ಕಾರ್ಡ್ ತೋರಿಸಿದ್ರೆ ಆಯ್ತು. ಟಿಪ್ಸ್ ಕೊಡೋ ರೂಢಿ ಬಾರಲ್ಲಿ ಇಲ್ಲ. ನೀವು ಇಪ್ಪತ್ತೈದಕ್ಕಿಂತ ಚಿಕ್ಕೋರಂಗೆ ಕಾಣಿಸಿದ್ರೆ ವಯಸ್ಸಿನ ಪುರಾವೆ ಕೇಳ್ತಾರೆ, ಪಾಸ್‌ಪೋರ್ಟೋ ಇಲ್ಲಿನ ಡ್ರೈವಿಂಗ್ ಲೈಸೆನ್ಸೋ ಇಟ್ಕೊಂಡಿರಿ. ಮತ್ತೆ ಬಾರ್ ಹಿಂದಿರೋ ಹುಡುಗಿ ನಿಮ್ಮಪ್ಪನ್ನ "ಲವ್" ಅಂತ ಕರೀತಾಳೆ, ಲೀಡ್ಸ್‌ನಲ್ಲಿ ಎಲ್ರನ್ನೂ ಹಾಗೇ ಕರೆಯೋದು, ಅಮ್ಮಂಗೆ ಮೊದಲೇ ಹೇಳಿ ಕರ್ಕೊಂಡು ಹೋದ್ರೆ ಮನೇಲಿ ನೆಮ್ಮದಿ.

ಏನು ಕೇಳೋದು ಅಂತ ತಲೆ ಕೆಡಿಸ್ಕೊಳ್ಬೇಡಿ. "ಇವತ್ತು ಯಾವುದು ಚೆನ್ನಾಗಿ ಹೋಗ್ತಿದೆ?" ಅಂತ ಕೇಳಿ, ಯಾವುದು ಒಳ್ಳೇದು ಅಂತಲ್ಲ. ಒಳ್ಳೇದು ಯಾವುದು ಅಂದ್ರೆ ಎಲ್ಲಾ ಒಳ್ಳೇದೇ ಅಂತಾರೆ, ಹೋಗ್ತಿರೋದು ಯಾವುದು ಅಂದ್ರೆ ತಾಜಾ ಪೀಪಾಯಿ ಯಾವುದು ಅಂತ ಗೊತ್ತಾಗುತ್ತೆ. ಸಣ್ಣ ಗ್ಲಾಸಲ್ಲಿ ರುಚಿ ನೋಡೋಕೆ ಕೇಳಬಹುದು, ದುಡ್ಡು ತಗೊಳ್ಳಲ್ಲ, ಎರಡು ಸರಿ, ಮೂರು ಕೂಡ ಪರ್ವಾಗಿಲ್ಲ, ಹಿಂದೆ ಜನ ಕಾಯ್ತಿರುವಾಗ ಆರಾರು ನೋಡ್ತಾ ನಿಲ್ಲಬೇಡಿ. ಮೊದಲ ಗ್ಲಾಸಿಗೆ ಬಿಟ್ಟರ್ ಕೊಡಿಸಿ, ಅದು ಇಲ್ಲಿನ ಮಾಮೂಲಿ ಏಲ್, ಹೆಸರು ನೋಡಿ ಹಾಗಲಕಾಯಿ ಅಂದ್ಕೊಳ್ಳೋದು ಬೇಡ, ಕಹಿ ಹಿತಮಿತ. ಟಿಮೊಥಿ ಟೇಲರ್‌ನ ಲ್ಯಾಂಡ್‌ಲಾರ್ಡ್ ಸಿಕ್ರೆ ಅದನ್ನೇ ಕೇಳಿ, ಪಕ್ಕದ ಕೀತ್ಲಿ ಊರಲ್ಲೇ ಮಾಡೋದು, ನನ್ನ ಪ್ರಕಾರ ಹೊಸಬರಿಗೆ ಇದಕ್ಕಿಂತ ಒಳ್ಳೇ ಬಾಗಿಲು ಇನ್ನೊಂದಿಲ್ಲ. ತಿಳಿ ಬಂಗಾರದ ಬಣ್ಣದ ಗೋಲ್ಡನ್ ಏಲ್ ಲಾಗರ್ ಕುಡಿಯೋರಿಗೆ ಹತ್ತಿರ, ಕಪ್ಪಗಿರೋ ಮೈಲ್ಡ್ ನೋಡೋಕೆ ಭಯ ಹುಟ್ಟಿಸಿದ್ರೂ ಎಲ್ಲಕ್ಕಿಂತ ಸೌಮ್ಯ. ಮ್ಯಾಸಮ್ ಊರಿನ ಥೀಕ್‌ಸ್ಟನ್ ಓಲ್ಡ್ ಪೆಕ್ಯೂಲಿಯರ್ 5.6%, ಅದನ್ನ ಕೊನೆಗೆ ಅರ್ಧ ಪಿಂಟು. ಅರ್ಧ ಕೇಳೋದ್ರಲ್ಲಿ ಅವಮಾನ ಏನಿಲ್ಲ, ಮೂರರಲ್ಲೊಂದು ಪಾಲು ಕೊಡೋ ಪಬ್‌ಗಳೂ ಇವೆ. ಒಂದು ಪಿಂಟು ಅಂದ್ರೆ 568 ಮಿಲಿ, ಬಹಳಷ್ಟು ಬಿಟ್ಟರ್ ಶೇಕಡ 4ರ ಆಸುಪಾಸು, ಅಂದ್ರೆ ಅಪ್ಪ ಊರಲ್ಲಿ ಕುಡಿಯೋ 650 ಮಿಲಿ ಬಾಟ್ಲಿಗಿಂತ ಇದು ಮೆದು.

ಐಪಿಎ, ಅಂದ್ರೆ ಇಂಡಿಯಾ ಪೇಲ್ ಏಲ್, ಅಂತ ಬೋರ್ಡ್ ನೋಡಿದ್ರೆ ಅಪ್ಪ ಕೇಳೇ ಕೇಳ್ತಾರೆ, ಇಂಡಿಯಾ ಯಾಕೆ ಬಂತು ಅಂತ. ಲಂಡನ್‌ನ ಬೋ ಅನ್ನೋ ಜಾಗದಲ್ಲಿ ಹಾಜ್‌ಸನ್ ಅನ್ನೋರ ಬ್ರೂವರಿ ಇತ್ತು, ಈಸ್ಟ್ ಇಂಡಿಯಾ ಕಂಪನಿ ಹಡಗುಗಳಿಗೆ ಹತ್ತಿರ, ಅಲ್ಲಿಂದ ಇಂಡಿಯಾದಲ್ಲಿದ್ದ ಬ್ರಿಟಿಷರಿಗೆ ಬಿಯರ್ ಹೋಗ್ತಿತ್ತು. 1820ರ ದಶಕದಲ್ಲಿ ಬರ್ಟನ್ ಊರಿನ ಆಲ್‌ಸಪ್ ಮುಂತಾದೋರು ಆ ವ್ಯಾಪಾರ ಕಿತ್ಕೊಂಡ್ರು, ಬರ್ಟನ್ ನೀರಲ್ಲಿ ಜಿಪ್ಸಮ್ ಜಾಸ್ತಿ, ಹಾಪ್ಸ್ ಕಹಿಗೆ ಅದು ಹೇಳಿ ಮಾಡಿಸಿದ್ದು. ಸಮುದ್ರ ದಾಟೋಕೆ ಅಂತ ಸಿಕ್ಕಾಪಟ್ಟೆ ಸ್ಟ್ರಾಂಗ್ ಮಾಡ್ತಿದ್ರು ಅನ್ನೋದು ಮಾತ್ರ ಊದಿಸಿದ ಕಥೆ. ಹಾಪ್ಸ್ ಜಾಸ್ತಿ ಹಾಕ್ತಿದ್ರು, ಅಷ್ಟೇ.

ಈಗ ಸಸ್ಯಾಹಾರದ ವಿಷಯ, ಇದನ್ನ ಯಾರೂ ಹೇಳಲ್ಲ ಅದಕ್ಕೇ ಬಿಡಿಸಿ ಹೇಳ್ತೀನಿ. ಪೀಪಾಯಿಲಿ ಯೀಸ್ಟ್ ಬೇಗ ಕೆಳಗೆ ಕೂರ್ಲಿ ಅಂತ ಐಸಿಂಗ್ಲಾಸ್ ಅನ್ನೋ ಪದಾರ್ಥ ಹಾಕ್ತಾರೆ, ಅದು ಮೀನಿನ ಹೊಟ್ಟೆಯೊಳಗಿನ ಗಾಳಿಚೀಲದಿಂದ ಮಾಡೋದು. ಯೀಸ್ಟ್ ಹಿಡ್ಕೊಂಡು ಗಸಿ ಜೊತೆ ತಳಕ್ಕೆ ಹೋಗುತ್ತೆ, ಗ್ಲಾಸಿಗೆ ಬರೋದು ಇದ್ರೂ ಲವಲೇಶ, ಆದ್ರೆ ಹಾಕಿರೋದಂತೂ ಹೌದು. ಹಳೇ ಬ್ರೂವರಿಗಳ ಕ್ಯಾಸ್ಕ್ ಬಿಯರಲ್ಲಿ ಇದು ಸಾಮಾನ್ಯ. ಅಪ್ಪ ಇದನ್ನ ಲೆಕ್ಕಕ್ಕೆ ತಗೊಳ್ತಾರೋ ಇಲ್ವೋ ಅದು ಅವರಿಗೆ ಬಿಟ್ಟಿದ್ದು, ಆದ್ರೆ ಕುಡಿದ ಮೇಲೆ ಗೊತ್ತಾಗೋದು ಬೇಡ, ಮೊದಲೇ ಹೇಳಿ. ಈಗೀಗ ಐಸಿಂಗ್ಲಾಸ್ ಹಾಕದ ಕ್ಯಾಸ್ಕ್ ಬಿಯರ್ ಬೇಕಾದಷ್ಟು ಬರ್ತಿದೆ, ಪಂಪಿನ ಮೇಲಿನ ಚೀಟಿಯಲ್ಲಿ ವೀಗನ್ ಅಥವಾ ಅನ್‌ಫೈನ್ಡ್ ಅಂತ ಬರೆದಿರ್ತಾರೆ, ಇಲ್ಲಾಂದ್ರೆ ಬಾರಲ್ಲಿ ಕೇಳಿ, ಈ ಪ್ರಶ್ನೆ ಅವರಿಗೆ ಹೊಸದಲ್ಲ. ಅಂಥ ಬಿಯರ್ ಸ್ವಲ್ಪ ಮಬ್ಬಾಗಿರ್ಬಹುದು, ಹಾಗಂತ ಕೆಟ್ಟಿದೆ ಅಂತಲ್ಲ.

ತಿಂಡಿಯಲ್ಲಿ ಇನ್ನೂ ಹುಷಾರಾಗಿರ್ಬೇಕು. ಬಾರ್ ಹಿಂದೆ ನೇತಾಕಿರೋ ಪೊಟ್ಟಣಗಳಲ್ಲಿ ಪೋರ್ಕ್ ಸ್ಕ್ರ್ಯಾಚಿಂಗ್ಸ್ ಅನ್ನೋದು ಹಂದಿ ಚರ್ಮ ಹುರಿದಿದ್ದು. ಸಾದಾ ಉಪ್ಪಿನ ಕ್ರಿಸ್ಪ್ಸ್ (ನಮ್ಮೂರಲ್ಲಿ ಚಿಪ್ಸ್ ಅನ್ನೋದು), ಕಡಲೆಬೀಜ ಆದ್ರೆ ತೊಂದರೆ ಇಲ್ಲ, ಪೊಟ್ಟಣ ಪೂರ್ತಿ ಹರಿದು ಟೇಬಲ್ ಮಧ್ಯ ಬಿಡಿಸಿಡೋದು ಇಲ್ಲಿನ ಪದ್ಧತಿ. ಇಲ್ಲಿ ಚಿಪ್ಸ್ ಅಂದ್ರೆ ಫ್ರೆಂಚ್ ಫ್ರೈಸ್ ಥರದ್ದು, ಅದರ ವಿಷಯದಲ್ಲಿ ಯಾವ ಎಣ್ಣೆ ಅಂತ ಕೇಳ್ಲೇಬೇಕು, ಯಾರ್ಕ್‌ಷೈರ್‌ನಲ್ಲಿ ದನದ ಕೊಬ್ಬಲ್ಲಿ ಕರಿಯೋದು ಹಳೇ ಸಂಪ್ರದಾಯ, ಯಾರ್ಕ್‌ಷೈರ್ ಪುಡ್ಡಿಂಗೂ ಹಾಗೇ, ಹೆಸರು ಪುಡ್ಡಿಂಗ್ ಆದ್ರೂ ಸಿಹಿಯಲ್ಲ, ಮಾಡಿರೋದು ಅದೇ ಕೊಬ್ಬಲ್ಲಿರ್ಬಹುದು. ಅಡುಗೆಮನೆ ಬೇರೆ ಬೇಗ ಮುಚ್ಚುತ್ತೆ, ಎಷ್ಟೋ ಕಡೆ ರಾತ್ರಿ ಒಂಬತ್ತಕ್ಕೆಲ್ಲ ಊಟ ಇಲ್ಲ ಅಂತಾರೆ. ನನ್ನ ಸಲಹೆ, ಮನೇಲಿ ಊಟ ಮುಗಿಸ್ಕೊಂಡು ಹೋಗಿ.

ಅಮ್ಮ ಬರಬಹುದಾ ಅಂತ ನೀವು ಕೇಳಿಲ್ಲ, ಆದ್ರೆ ಮನಸಲ್ಲಿದೆ ಅಂತ ಗೊತ್ತಾಗುತ್ತೆ. ಧಾರಾಳವಾಗಿ ಬರಲಿ. ನಮ್ಮೂರ ಬಾರ್ ಥರದ ಜಾಗ ಅಲ್ಲ ಇದು, ಅಜ್ಜಿಯಂದಿರು ಸ್ವೆಟರ್ ಹೆಣೀತಾ ಕೂತಿರ್ತಾರೆ, ಮಕ್ಕಳೂ ಇರ್ತವೆ. ಲೈಮ್ ಸೋಡಾ, ಜಿಂಜರ್ ಬಿಯರ್, ಟೀ ಕಾಫಿ ಸಿಗುತ್ತೆ, ಜಿಂಜರ್ ಬಿಯರಲ್ಲಿ ಸಾಮಾನ್ಯವಾಗಿ ಮದ್ಯ ಇರಲ್ಲ, ಆದ್ರೂ ಮದ್ಯ ಇರೋ ಬಗೆಯೂ ಮಾರ್ತಾರೆ, ಕೇಳಿ ತಗೊಳ್ಳಿ. 2007ರಿಂದ ಒಳಗೆ ಸಿಗರೇಟ್ ನಿಷೇಧ, ಹೊಗೆ ಕಾಟ ಇಲ್ಲ.

ಒಂಥರಾ ನೋಡ್ತಾರಾ ಅನ್ನೋದಕ್ಕೆ ಲೀಡ್ಸ್‌ನಂಥ ಊರಲ್ಲಿ ಇಲ್ಲ ಅಂತೀನಿ. ದೂರದ ಹಳ್ಳಿ ಪಬ್ಬಲ್ಲಿ ಬಾಗಿಲು ತೆಗೆದಾಗ ನಾಲ್ಕು ತಲೆ ತಿರುಗಬಹುದು, ಅದು ಪಕ್ಕದೂರಿನ ಬಿಳಿಯರು ಹೋದ್ರೂ ಆಗೋದೇ. ಆದ್ರೆ ನಿಮ್ಮ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. 60ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆದಿಕ್‌ನಲ್ಲಿ ಎರಕದ ಕಾರ್ಖಾನೆಗಳಲ್ಲಿ ದುಡೀತಿದ್ದ ಪಂಜಾಬಿಗಳನ್ನ ಪಬ್‌ನ ಒಳ್ಳೇ ಕೋಣೆಗೆ ಬಿಡ್ತಿರ್ಲಿಲ್ಲ. ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್‌ನ ಅವತಾರ್ ಸಿಂಗ್ ಜೌಹಲ್ ಅದರ ವಿರುದ್ಧ ಹೋರಾಡಿದ್ರು, 1965ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಕಪ್ಪು ಜನರ ಹಕ್ಕಿಗೆ ಹೋರಾಡ್ತಿದ್ದ ಮಾಲ್ಕಂ ಎಕ್ಸ್ ಕೂಡ ಆ ಊರಿಗೆ ಬಂದು ನೋಡಿದ್ರು, ಅದೇ ವರ್ಷ ಅಂಥ ಭೇದ ಕಾನೂನುಬಾಹಿರ ಅಂತ ಆಯ್ತು. ಇವತ್ತು ಆ ಸೀಮೆಯಲ್ಲಿ ಪಂಜಾಬಿಗಳೇ ಮಾಲೀಕರಾಗಿರೋ ದೇಸಿ ಪಬ್‌ಗಳು ಸಾಲುಸಾಲು, ಕೈಪಂಪಿನ ಬಿಯರ್ ಜೊತೆ ತಂದೂರಿ, ಪನೀರ್. ಬರ್ಮಿಂಗ್‌ಹ್ಯಾಮ್ ಕಡೆ ಹೋದ್ರೆ ಅಪ್ಪ ಅಮ್ಮನ ಊಟದ ಸಮಸ್ಯೆ ಅಲ್ಲೇ ಮುಗಿಯುತ್ತೆ.

ಬಿಯರ್ ಕೆಟ್ಟಿದ್ರೆ ವಾಪಸ್ ಕೊಡೋಕೆ ಸಂಕೋಚ ಬೇಡ, ನಾವು ಕನ್ನಡದೋರು ಈ ವಿಷಯದಲ್ಲಿ ಬಹಳ ಮೆತ್ತಗೆ. ವಿನೆಗರ್ ವಾಸನೆ, ಒದ್ದೆ ರಟ್ಟಿನ ವಾಸನೆ, ಕಾರಣ ಇಲ್ದೆ ಮಬ್ಬು, ಗುಳ್ಳೆಯ ಸುಳಿವೇ ಇಲ್ದಿರೋದು, ಇವು ತಪ್ಪುಗಳು. ಎರಡು ಗುಟುಕು ಕುಡಿದು ಗ್ಲಾಸು ತಗೊಂಡು ಹೋಗಿ ಮೆಲ್ಲಗೆ, ಪಕ್ಕದೋರಿಗೆ ಕೇಳಿಸದ ಹಾಗೆ, "ಇದು ಮುಗೀತಾ ಬಂದಿರ್ಬೇಕು, ಒಂದ್ಸಲ ನೋಡ್ತೀರಾ" ಅನ್ನಿ. ಒಳ್ಳೇ ಪಬ್ ಆದ್ರೆ ಮರುಮಾತಿಲ್ದೆ ಬೇರೆ ಕೊಡ್ತಾರೆ, ಪಂಪಿನ ಚೀಟಿ ಹಿಂದುಮುಂದು ತಿರುಗಿಸಿ ಆ ಬಿಯರ್ ನಿಲ್ಲಿಸ್ತಾರೆ. ಮುಕ್ಕಾಲು ಕುಡಿದು ಆಮೇಲೆ ಹೋದ್ರೆ ಯಾರೂ ನಂಬಲ್ಲ. ತಣ್ಣಗಿಲ್ಲ ಅಂತಲೋ ಇಷ್ಟ ಆಗ್ಲಿಲ್ಲ ಅಂತಲೋ ವಾಪಸ್ ಕೊಡೋ ಹಾಗಿಲ್ಲ. ನೊರೆ ತೀರಾ ಜಾಸ್ತಿ ಬಂದಿದ್ರೆ ಸ್ವಲ್ಪ ತುಂಬಿಸಿ ಕೊಡಿ ಅನ್ನಬಹುದು, ಅದು ನಿಮ್ಮ ಹಕ್ಕು.

ಬಿಲ್ ವಿಷಯಕ್ಕೆ ಅಪ್ಪ ಮಗಳು ಬಾರ್ ಮುಂದೆ ನಾನ್ ಕೊಡ್ತೀನಿ ತಾನ್ ಕೊಡ್ತೀನಿ ಅಂತ ಎಳೆದಾಡ್ಬೇಡಿ. ಇಲ್ಲಿ ಸುತ್ತಿನ ಲೆಕ್ಕ, ಈ ಸಲ ಒಬ್ರು ಎಲ್ರಿಗೂ, ಮುಂದಿನ ಸಲ ಇನ್ನೊಬ್ರು. ಪಕ್ಕದ ಟೇಬಲಿನ ಯಾರಾದ್ರೂ ಅಪ್ಪನ ಜೊತೆ ಮಾತಿಗೆ ಬಿದ್ದು ಒಂದು ಪಿಂಟು ಕೊಡಿಸಿದ್ರೆ ವಾಪಸ್ ಕೊಡಿಸದೆ ಎದ್ದು ಬರಬಾರ್ದು, ಆಗಲ್ಲ ಅಂದ್ರೆ ಮೊದಲೇ ನಯವಾಗಿ ಬೇಡ ಅನ್ನಿ. ಕಾರು ಮನೇಲಿ ಬಿಟ್ಟು ಬಸ್ಸಲ್ಲೋ ರೈಲಲ್ಲೋ ಹೋಗಿ. ಹೊರಡುವಾಗ ಖಾಲಿ ಗ್ಲಾಸುಗಳನ್ನ ಬಾರಿನ ಮೇಲಿಟ್ಟು ಬನ್ನಿ, ಕೆಲಸದೋರಿಗೆ ಖುಷಿಯಾಗುತ್ತೆ. ಯಾವ ತಿಂಗಳು ಬರ್ತಾರೆ ಅಂತ ನೀವು ಬರೆದಿಲ್ಲ. ಚಳಿಗಾಲ ಆದ್ರೆ ಒಳಗೆ ಬೆಂಕಿ ಹಾಕಿರೋ ಪಬ್ ನೋಡಿ, ಬೇಸಿಗೆ ಆದ್ರೆ ವೈಟ್‌ಲಾಕ್ಸ್ ಓಣಿಯ ಬೆಂಚಲ್ಲೇ ಕೂತ್ಕೊಳ್ಳಿ, ಆದ್ರೆ ತಿಂಗಳು ಯಾವುದಾದ್ರೂ ಅಮ್ಮಂಗೆ ಒಂದು ಶಾಲು ಬ್ಯಾಗಲ್ಲಿರ್ಲಿ.